ನನಗೆ ಆಗದ ಇಂಜೆಕ್ಷನ್ನು

ನಮ್ಮ ಮನೆಯ ಬೀರುವಿನಲ್ಲಿ ರೇಷ್ಮೆ ಸೀರೆಗಿಂತ ಭದ್ರವಾಗಿ ಇರುವುದು ಒಂದು ಪ್ಲಾಸ್ಟಿಕ್ ಕವರು. ಯಾವುದೋ ಜವಳಿ ಅಂಗಡಿಯದು. ಮೇಲೊಬ್ಬಳು ಮದುಮಗಳು ನಗುತ್ತಿದ್ದಾಳೆ. ವರ್ಷಗಟ್ಟಲೆ ತಿಕ್ಕಾಡಿ ಅವಳ ಮೂಗಿನ ಬಣ್ಣ ಹೋಗಿದೆ. ಒಳಗೆ ಸೀರೆಯಿಲ್ಲ, ನನ್ನ ಖಾಯಿಲೆಗಳಿವೆ. ಎಕ್ಸ್‌ರೇ, ರಕ್ತಪರೀಕ್ಷೆಯ ಚೀಟಿಗಳು, ಕನ್ನಡಕದ ನಂಬರು, ಥೈರಾಯ್ಡು, ಮಂಡಿನೋವು, ಮತ್ತೆ ಇವೆಲ್ಲದರ ಕಥೆಯನ್ನೂ ಬರೆದಿಟ್ಟ ಒಂದು ನೋಟುಬುಕ್ಕು.

ಮೊನ್ನೆ ಬೀರು ಒರೆಸುವಾಗ ನಮ್ಮ ಯಜಮಾನರು ಆ ಕವರನ್ನು ಸತ್ತ ಹಲ್ಲಿಯನ್ನು ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು, ಈಗ ಎಲ್ಲರದೂ ಆಸ್ಪತ್ರೆಯ ಕಂಪ್ಯೂಟರಿನಲ್ಲೇ ಇರುತ್ತದಲ್ಲ, ಇದನ್ನೆಲ್ಲ ಇನ್ನೂ ಯಾಕೆ ಇಟ್ಟುಕೊಂಡಿದ್ದೀಯ ಎಂದು ಕೇಳಿದರು. ಅಷ್ಟೇ ಕೇಳಿದ್ದು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ನನಗೆ ಮಾತ್ರ ಪಿತ್ತ ನೆತ್ತಿಗೇರಿತು. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ನನ್ನ ಬಗ್ಗೆ ಏನೇನು ಇದೆ ಎಂದು ಈ ಮನುಷ್ಯನಿಗೆ ಗೊತ್ತಿಲ್ಲವೇ? ಗೊತ್ತು. ಮರೆತಿದ್ದಾರೆ. ಗಂಡಸರಿಗೆ ಮರೆವು ಒಂದು ವರ. ನಾನು ಮರೆತಿಲ್ಲ. ಅದನ್ನೇ ನಿಮಗೆ ಹೇಳಲು ಕೂತಿದ್ದೇನೆ. ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೇರವಾಗಿ ಹೇಳಲು ಹೋದರೆ ನನಗೆ ಬಿಪಿ ಏರುತ್ತದೆ, ಆಮೇಲೆ ಅದನ್ನೂ ಬರೆದಿಡಬೇಕು.

ಜವಳಿ ಅಂಗಡಿಯ ಕವರೇ ಯಾಕೆ ಎಂದು ಕೇಳುವವರು ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಕೂತವರಲ್ಲ. ವೈಟ್‌ಫೀಲ್ಡ್ ರಸ್ತೆಯ ಯಾವ ಆಸ್ಪತ್ರೆಗಾದರೂ ಹೋಗಿ, ಬೆಂಚಿನ ಮೇಲೆ ಸಾಲಾಗಿ ಕೂತವರನ್ನು ನೋಡಿ, ಎಲ್ಲರೂ ಮದುವೆ ಜವಳಿ ತೆಗೆದುಕೊಂಡು ಬಸ್ಸಿಗೆ ಕಾಯುತ್ತಿರುವವರ ಹಾಗೆ ಕಾಣುತ್ತಾರೆ. ಕುತ್ತಿಗೆಗೆ ಕಾರ್ಡು ನೇತುಹಾಕಿಕೊಂಡ ಕಂಪನಿ ಹುಡುಗರ ಕೈಯಲ್ಲಿ ಮಾತ್ರ ಬಟನ್ನಿನ ಫೋಲ್ಡರು. ಮಿಕ್ಕವರ ಕೈಯಲ್ಲೆಲ್ಲ ನಗುವ ಮದುಮಗಳು. ಆ ಕವರು ಗಟ್ಟಿ, ಅಗಲ, ಎಕ್ಸ್‌ರೇ ಮಡಚದೆ ಹಿಡಿಸುತ್ತದೆ, ಮಳೆ ಬಂದರೆ ತಲೆಯ ಮೇಲೂ ಹಿಡಿದುಕೊಳ್ಳಬಹುದು. ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಒಬ್ಬಾಕೆ ಒಮ್ಮೆ ನನ್ನ ಪಕ್ಕ ಕೂತು, ನನ್ನ ಕವರಿನ ಅಂಗಡಿ ಯಾವೂರಿನದು, ಸೀರಿ ಛಲೋ ಇರ್ತಾವೇನು ಎಂದು ವಿಚಾರಿಸಿದ್ದರು. ಇಬ್ಬರೂ ಸೀರೆಯ ವಿಷಯ ಮಾತಾಡುತ್ತ ನಮ್ಮ ನಮ್ಮ ನಂಬರು ಕೂಗಿದ್ದನ್ನು ಕೇಳಿಸಿಕೊಳ್ಳಲಿಲ್ಲ.

ನೋಟುಬುಕ್ಕಿನ ಚಾಳಿ ನನಗೆ ಕೆಲಸದಿಂದ ಅಂಟಿದ್ದು. ಮಹದೇವಪುರದ ಒಂದು ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ನಾನು ಕ್ಲರ್ಕಾಗಿದ್ದೆ. ಬಂದ ನಟ್ಟು, ಹೋದ ಬೋಲ್ಟು ಎಲ್ಲಕ್ಕೂ ಲೆಕ್ಕ. ಒಂದು ವಾಷರು ಕಮ್ಮಿಯಾದರೆ ಸಾಯಂಕಾಲ ಬಸ್ಸು ತಪ್ಪಿದರೂ ಹುಡುಕಿ ಬರೆದೇ ಹೋಗಬೇಕು. ಕಬ್ಬಿಣದ ಚೂರಿಗೇ ಇಷ್ಟು ಮರ್ಯಾದೆ ಇರುವಾಗ ನನ್ನ ಮೈಗೆ ಒಂದು ಪುಟ ಬೇಡವೇ ಎಂದು ಶುರು ಮಾಡಿದೆ. ಮೊದಮೊದಲ ಪುಟಗಳನ್ನು ಈಗ ಓದಿದರೆ ನನಗೇ ನಗು. "ಬೆಳಗಿನಿಂದ ತಲೆನೋವು. ಪಕ್ಕದ ಸೈಟಿನವರು ನಮ್ಮ ಕಾಂಪೌಂಡಿಗೆ ಮರಳು ಸುರಿದಿದ್ದಾರೆ." "ಹೊಟ್ಟೆ ಉಬ್ಬರ. ನಾದಿನಿ ಬಂದು ಹೋದಳು." ಅರ್ಧ ಖಾಯಿಲೆ, ಅರ್ಧ ಚಾಡಿ. ಯಾವ ಡಾಕ್ಟರಾದರೂ ಅದನ್ನು ಓದಿದ್ದರೆ ಮಾತ್ರೆ ಕೊಡುವ ಬದಲು ಮನೆ ಬದಲಾಯಿಸಿ ಎನ್ನುತ್ತಿದ್ದರು.

ನಮ್ಮ ಯಜಮಾನರದು ಬೇರೆಯೇ ಪದ್ಧತಿ. ಅವರಿಗೆ ಇರುವುದು ಒಂದೇ ಖಾಯಿಲೆ, ಗ್ಯಾಸ್ಟ್ರಿಕ್. ತಲೆ ಸುತ್ತಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್. ಬರೆದಿಡುವ ತೊಂದರೆಯೇ ಇಲ್ಲ. ಇದು ಅವರೊಬ್ಬರ ಕಥೆಯಲ್ಲ ಅಂದುಕೊಂಡಿದ್ದೇನೆ, ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು.

ಬರೆದಿಡುವುದು ನಮ್ಮ ವಂಶದಲ್ಲೇ ಇರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಬೇಗೂರಿನಲ್ಲಿ. ಈಗ ಅಲ್ಲಿ ಮನೆಗೆ ಮನೆ ಅಂಟಿಕೊಂಡು ಉಸಿರಾಡಲು ಸಂದಿಯಿಲ್ಲ. ಆಗ ಕೆರೆ ಏರಿಯ ಮೇಲೆ ನಿಂತು ಕೂಗಿದರೆ ನಮ್ಮ ಹಿತ್ತಿಲಿಗೆ ಕೇಳಿಸುತ್ತಿತ್ತು. ಜ್ವರ ಬಂದರೆ ಸರ್ಕಾರಿ ಡಿಸ್ಪೆನ್ಸರಿಗೆ ಮನೆಯಿಂದ ಶೀಶೆ ತೊಳೆದುಕೊಂಡು ಹೋಗಬೇಕು. ಕಾಂಪೌಂಡರು ಗುಲಾಬಿ ಬಣ್ಣದ ನೀರು ತುಂಬಿ, ಅಂಚಿಗೆ ಕತ್ತರಿಯಲ್ಲಿ ಕಚ್ಚು ಮಾಡಿದ ಕಾಗದದ ಪಟ್ಟಿಯೊಂದನ್ನು ಶೀಶೆಗೆ ಅಂಟಿಸಿ ಕೊಡುತ್ತಿದ್ದರು. ಒಂದು ಹೊತ್ತಿಗೆ ಒಂದು ಕಚ್ಚು. ಆ ನೀರಿಗೆ ಓಮದ ಘಾಟು, ಸ್ವಲ್ಪ ಸಿಹಿ. ನನ್ನ ತಮ್ಮನಿಗೆ ಅದು ಎಷ್ಟು ಇಷ್ಟವೆಂದರೆ ನನಗೆ ಜ್ವರ ಬಂದಾಗ ಅವನು ಕದ್ದು ಎರಡು ಕಚ್ಚು ಕುಡಿದು ನೀರು ತುಂಬಿಸಿ ಇಟ್ಟುಬಿಡುತ್ತಿದ್ದ. ಅವನ ಪುಣ್ಯವೋ ನನ್ನ ಪುಣ್ಯವೋ, ನನಗೆ ಜ್ವರ ಬಿಡುತ್ತಿತ್ತು.

ಅಮ್ಮ ಡಾಕ್ಟರಿಗೆ ಖಾಯಿಲೆ ಹೇಳುತ್ತಿದ್ದ ರೀತಿಯನ್ನು ನೀವು ಕೇಳಬೇಕಿತ್ತು. ಕೆಮ್ಮು ಎಂದು ಹೇಳುವುದಕ್ಕೆ ಮೂರು ದಿನ ಹಿಂದಿನಿಂದ ಶುರು ಮಾಡುತ್ತಿದ್ದಳು. ಕಡಲೆಕಾಯಿ ಬೇಯಿಸಿದ್ದು, ಈ ಮುಂಡೇದು ಬಿಸಿಬಿಸಿ ತಿಂದು ನೀರು ಕುಡಿದದ್ದು, ಬ್ಯಾಡ ಕಣೇ ಎಂದರೂ ಹೂವಿನ ತೋಟದಲ್ಲಿ ಒದ್ದೆ ಕಾಲಲ್ಲಿ ನಿಂತದ್ದು. "ಅಂಗಾಗಿ ಇಂಗಾಯ್ತು ಸಾಮಿ" ಎಂದು ಮುಗಿಸುವವರೆಗೂ ಆ ಡಾಕ್ಟರು ನನ್ನ ನಾಲಿಗೆ ನೋಡುತ್ತ, ಹೂಂ ಎನ್ನುತ್ತ ಕೇಳುತ್ತಿದ್ದರು. ಹೊರಗೆ ಅರ್ಧ ಊರೇ ಕಾಯುತ್ತಿದ್ದರೂ ಕೇಳುತ್ತಿದ್ದರು. ಅವರಿಗೆ ಇದರಲ್ಲಿ ಏನು ಉಪಯೋಗವಾಗುತ್ತಿತ್ತೋ ಗೊತ್ತಿಲ್ಲ. ಹೇಳಿದ್ದನ್ನು ಡಾಕ್ಟರು ಕೇಳಿಸಿಕೊಳ್ಳುತ್ತಾರೆ ಎಂಬ ದೊಡ್ಡ ತಪ್ಪು ತಿಳುವಳಿಕೆಯೊಂದಿಗೆ ನಾನು ದೊಡ್ಡವಳಾದೆ.

ಈಗ ವಿಷಯಕ್ಕೆ ಬರುತ್ತೇನೆ. ನಾವು ಬ್ರೂಕ್‌ಫೀಲ್ಡ್‌ಗೆ ಬಂದು ಮನೆ ಕಟ್ಟಿಕೊಂಡ ಹೊಸತು. ಸುತ್ತ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು, ಇಡೀ ಬೀದಿಗೆ ಸಿಮೆಂಟಿನ ಧೂಳು. ನನಗೆ ಜ್ವರ, ಮೈಕೈ ನೋವು ಎಂದು ಮೂಲೆಯ ಕ್ಲಿನಿಕ್ಕಿಗೆ ಹೋದೆವು. ಅಲ್ಲಿನ ಡಾಕ್ಟರು ಕೈಚಳಕದವರು. ನೀವು ಬಾಯಿ ತೆರೆಯುವ ಮೊದಲೇ ಸೂಜಿ ಚುಚ್ಚಿ ಮುಗಿಸಿರುತ್ತಿದ್ದರು. ಚುಚ್ಚಿಸಿಕೊಂಡು ಗೇಟಿನ ತನಕ ಬಂದಿರಲಿಲ್ಲ, ಅಂಗೈ ತುರಿಸಿತು, ತುಟಿ ದಪ್ಪಗಾಯಿತು, ಗಂಟಲಿಗೆ ಯಾರೋ ಬಟ್ಟೆ ತುರುಕಿದ ಹಾಗಾಯಿತು. ನಮ್ಮ ಯಜಮಾನರು ನನ್ನನ್ನು ಹೊತ್ತುಕೊಂಡೇ ಒಳಗೆ ಓಡಿದರಂತೆ. ಡಾಕ್ಟರು ಇನ್ನೊಂದು ಇಂಜೆಕ್ಷನ್ ಕೊಟ್ಟು ಬೆಂಚಿನ ಮೇಲೆ ಮಲಗಿಸಿದರು. ಬದುಕಿಕೊಂಡೆ.

ಎದ್ದು ಕೂತ ಮೇಲೆ ಕೇಳಿದೆ, ನನಗೆ ಹಾಕಿದ್ದು ಏನು ಎಂದು. ಅವರು ನನ್ನನ್ನು ನೋಡಲೇ ಇಲ್ಲ. ನೋವಿನ ಇಂಜೆಕ್ಷನ್ನು, ಕೆಲವರಿಗೆ ಆಗಲ್ಲ, ಅದನ್ನು ತಿಳಿದುಕೊಂಡು ನೀವೇನು ಮಾಡುತ್ತೀರಿ ಎಂದರು. ಏನು ಮಾಡುತ್ತೇನೆಯೇ? ಮುಂದಿನ ಸಲ ಸಾಯದೆ ಇರುತ್ತೇನೆ ಸ್ವಾಮಿ! ಇದನ್ನು ಬಾಯಿಬಿಟ್ಟು ಹೇಳಿದೆ ಕೂಡ. ಹೆಸರು ಬರೆದುಕೊಡದೆ ಏಳುವುದಿಲ್ಲ ಎಂದು ಬೆಂಚಿನ ಮೇಲೆ ಕೂತೆ. ಕೊನೆಗೆ ಚೀಟಿಯೊಂದರ ಮೇಲೆ ಏನನ್ನೋ ಗೀಚಿ ನಮ್ಮ ಯಜಮಾನರ ಕೈಗೆ ಕೊಟ್ಟರು. ಇದು ನನಗೆ ಕೊಡಬಾರದು ಎಂದೂ ಬರೆಯಿರಿ ಎಂದೆ. ಹೆಸರು ಸಾಕಲ್ಲಮ್ಮ ಎಂದು ಮುಂದಿನವರನ್ನು ಕರೆದರು. ಎಲ್ಲಿ ತಮ್ಮ ಕುತ್ತಿಗೆಗೆ ಬರುತ್ತದೋ ಎಂಬ ಭಯ. ಆ ಗೀಚನ್ನು ಔಷಧಿ ಅಂಗಡಿಯವರಿಗೆ ತೋರಿಸಿ ಓದಿಸಿಕೊಂಡೆವು. ಡೈಕ್ಲೋಫಿನಾಕ್.

ಆ ಹೆಸರನ್ನು ನಾನು ಮಂತ್ರದ ಹಾಗೆ ಬಾಯಿಪಾಠ ಮಾಡಿದೆ. ನಮ್ಮ ಯಜಮಾನರಿಗೂ ಹೇಳಿಕೊಟ್ಟೆ. ಅವರ ಬಾಯಲ್ಲಿ ಅದು ಡೈಕೋಪೆನ್ನು ಎಂದು ಬಂತು, ಆಮೇಲೆ ಬರೀ ಪೆನ್ನು ಎಂದಾಯಿತು. ಇವರನ್ನು ನಂಬಿದರೆ ಆಗದು ಎಂದು ನೋಟುಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಇಂಕಿನಲ್ಲಿ ದೊಡ್ಡದಾಗಿ ಬರೆದೆ. "ಡೈಕ್ಲೋಫಿನಾಕ್ ನನಗೆ ಆಗಲ್ಲ." ಚೀಟಿಯನ್ನೂ ಆ ಪುಟಕ್ಕೇ ಪಿನ್ನು ಹಾಕಿ ಇಟ್ಟೆ. ಇನ್ನು ಯಮ ಬಂದರೂ ಮೊದಲು ಈ ಪುಟ ಓದಿಕೊಂಡೇ ಮುಂದೆ ಹೋಗಬೇಕು ಎಂದು ನೆಮ್ಮದಿಯಾಗಿದ್ದೆ.

ಆಗಲ್ಲ ಎಂಬುದು ಎಂಥ ಮಾತು ನೋಡಿ. ನನಗೆ ಬಗ್ಗಿ ಕಸ ಗುಡಿಸಲು ಆಗಲ್ಲ ಎಂದರೆ ಕೈಲಾಗುವುದಿಲ್ಲ ಎಂದರ್ಥ. ನಮ್ಮತ್ತೆಗೆ ಬದನೆಕಾಯಿ ಆಗುತ್ತಿರಲಿಲ್ಲ. ತಿಂದರೆ ಮೈಯೆಲ್ಲ ದದ್ದು. ನಮ್ಮತ್ತೆಗೂ ಅವರ ವಾರಗಿತ್ತಿಗೂ ಆಗುತ್ತಿರಲಿಲ್ಲ. ಒಂದೇ ಮದುವೆಗೆ ಹೋದರೆ ಬೇರೆ ಬೇರೆ ಪಂಕ್ತಿಯಲ್ಲಿ ಕೂರುತ್ತಿದ್ದರು. ಮೂರಕ್ಕೂ ಒಂದೇ ಮಾತು. ಈ ಒಂದೇ ಮಾತಿನಲ್ಲಿ ತಲೆತಲಾಂತರದಿಂದ ಸಂಸಾರ ನಡೆಸಿದ್ದೇವೆ. ಯಾರೂ ಗೊಂದಲ ಮಾಡಿಕೊಂಡು ಬದನೆಕಾಯಿ ಬದಲಿಗೆ ವಾರಗಿತ್ತಿಯನ್ನು ಹುಳಿಗೆ ಹಾಕಲಿಲ್ಲ. ಹೇಳಿದ್ದು ಯಾವ ಆಗಲ್ಲ ಎಂದು ಹೇಳಿದವರ ಮುಖ ನೋಡಿದರೆ ತಿಳಿಯುತ್ತಿತ್ತು. ಮುಖ ನೋಡಬೇಕು, ಅಷ್ಟೇ.

ಅದಾಗಿ ಕೆಲವು ವರ್ಷಗಳ ಮೇಲೆ, ಕೆಲಸದಿಂದ ಬರುವಾಗ ಬಸ್ಸಿನಿಂದ ಇಳಿದು ಚರಂಡಿಯ ಚಪ್ಪಡಿ ಮೇಲೆ ಕಾಲಿಟ್ಟೆ. ಚಪ್ಪಡಿ ಓಲಾಡಿತು, ನಾನು ಬಲಗೈ ಊರಿ ಬಿದ್ದೆ. ಮಣಿಕಟ್ಟು ಸೊಟ್ಟಗಾಗಿ ದೋಸೆ ಸೌಟಿನ ಹಾಗೆ ನಿಂತಿತು. ಅಷ್ಟು ಹೊತ್ತಿಗೆ ವೈಟ್‌ಫೀಲ್ಡ್ ರಸ್ತೆಯಲ್ಲಿ ಗಾಜಿನ ಗೋಡೆಯ ಹೊಸ ಆಸ್ಪತ್ರೆ ಆಗಿತ್ತು. ನನ್ನನ್ನು ಅಲ್ಲಿಗೆ ಸೇರಿಸಿ ನಮ್ಮ ಯಜಮಾನರು ಮನೆಗೆ ಓಡಿ ಕವರು ತೆಗೆದುಕೊಂಡೇ ಬಂದರು. ಅಷ್ಟು ಅಭ್ಯಾಸ ಮಾಡಿಸಿದ್ದೆ.

ಅಲ್ಲಿದ್ದ ಸಿಸ್ಟರು ಕೇರಳದ ಹುಡುಗಿ, ಬೆಂಗಳೂರಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಒಳ್ಳೆಯವಳು, ನನ್ನ ಕೈ ಹಿಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಪೇನ್‌ಗೆ ಒಂದು ಇಂಜೆಕ್ಷನ್ ಹಾಕುತ್ತೇನೆ ಎಂದಳು.

"ಆ ಇಂಜೆಕ್ಷನ್ ನಂಗೆ ಆಗಲ್ಲಮ್ಮ" ಎಂದೆ.

"ಆಗುತ್ತೆ ಅಮ್ಮ. ಚಿಕ್ಕದು ಸೂಜಿ."

"ಆಗಲ್ಲ ಅಂದ್ರೆ ಆಗಲ್ಲ."

ಅವಳು ನನ್ನ ಭುಜ ತಟ್ಟಿ, ಹಲಗೆಗೆ ಸಿಕ್ಕಿಸಿದ ಕಾಗದದಲ್ಲಿ ಏನೋ ಬರೆದಳು. ಬರೆದದ್ದು ಏನು ಎಂದು ನನಗೆ ಆಮೇಲೆ ಗೊತ್ತಾಯಿತು. "ನಾಟ್ ವಿಲಿಂಗ್." ಅಂದರೆ ಈ ಹೆಂಗಸು ಇಂಜೆಕ್ಷನ್‌ಗೆ ಒಪ್ಪುತ್ತಿಲ್ಲ, ಚುಚ್ಚಿಸಿಕೊಳ್ಳಲು ಇವಳ ಕೈಲಾಗುವುದಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಹಾಗಾಯಿತು. ರೋಗಿಯೇ ಇಂಜೆಕ್ಷನ್ ಬೇಡ ಎಂದರು ಎಂಬ ಇಂಗ್ಲಿಷಿನ ಕಾಗದವೊಂದನ್ನು ತಂದು ನಮ್ಮ ಯಜಮಾನರ ಮುಂದೆ ಹಿಡಿದರು. ಅವರು ಸರಿ ಸರಿ ಎನ್ನುತ್ತ ಸಹಿ ಹಾಕಿದರು. ಮಾತ್ರೆ ತಂದುಕೊಟ್ಟರು. ಹೆಸರು ಕೇಳಿದರೆ ಪೇನ್‌ಗೆ ಎಂದರು. ಹೆಸರಿಲ್ಲದ ಮಾತ್ರೆ ನಾನು ನುಂಗುವುದಿಲ್ಲ ಎಂದೆ. ಅದನ್ನೂ ಬರೆದುಕೊಂಡರು.

ನಿಮಗೆ ಅಲರ್ಜಿ ಎಂಬ ಪದ ಗೊತ್ತಿರಲಿಲ್ಲವೇ ಎಂದು ನೀವು ಕೇಳುತ್ತೀರಿ. ಗೊತ್ತಿರಲಿಲ್ಲವೇ! ನಮ್ಮ ಸ್ಟೋರ್ಸ್ ಮ್ಯಾನೇಜರನ್ನು ಕಂಡರೆ ಅಲರ್ಜಿ, ಧೂಳು ಕಂಡರೆ ಅಲರ್ಜಿ, ನಾದಿನಿಯ ಮಾತು ಅಲರ್ಜಿ ಎಂದು ದಿನಬೆಳಗಾದರೆ ಹೇಳುತ್ತಿದ್ದವಳು ನಾನು. ಆದರೆ ಮೂಳೆ ಮುರಿದಾಗ ಬಾಯಿಗೆ ಬರುವುದು ಅಮ್ಮ ಕಲಿಸಿದ್ದು ಮಾತ್ರ. ಆಫೀಸಿನಲ್ಲಿ ಕಲಿತದ್ದೆಲ್ಲ ಆಫೀಸಿನಲ್ಲೇ ಉಳಿದುಬಿಡುತ್ತದೆ. ಇದು ನನ್ನ ದಡ್ಡತನವೇ ಇರಬಹುದು. ಇರಲಿ, ದಡ್ಡರ ಕೈ ಮುರಿಯುವುದಿಲ್ಲವೇ? ನಮ್ಮ ಊರಿನಲ್ಲೇ ನಮ್ಮ ಮಾತಿನಲ್ಲಿ ನೋವು ಹೇಳಿಕೊಂಡರೆ ಅರ್ಥ ಮಾಡಿಕೊಳ್ಳುವವರು ಒಬ್ಬರಾದರೂ ಇರಬಾರದೇ?

ಆಮೇಲೆ ಡ್ಯೂಟಿ ಡಾಕ್ಟರು ಬಂದರು. ಚಿಕ್ಕ ಹುಡುಗ, ಕಣ್ಣಲ್ಲಿ ನಿದ್ದೆಯಿಲ್ಲ. ಎಡಗೈಯಲ್ಲೇ ಕವರಿನಿಂದ ನೋಟುಬುಕ್ಕು ತೆಗೆದು ಮೊದಲ ಪುಟ ತೋರಿಸಿದೆ. ಕೆಂಪು ಅಕ್ಷರ ನೋಡಿದರು. ತಮಗೆ ಕನ್ನಡ ಓದಲು ಬರುವುದಿಲ್ಲ, ಇಂಗ್ಲಿಷ್ ರಿಪೋರ್ಟ್ ಇದೆಯೇ ಎಂದು ಕೇಳಿದರು. ಪಿನ್ನು ಹಾಕಿದ್ದ ಚೀಟಿಯನ್ನು ತೋರಿಸಿದೆ. ಅದನ್ನು ಕಣ್ಣಿನ ಹತ್ತಿರ ಹಿಡಿದು ಓದಿ ಮುಖ ಅರಳಿಸಿದರು. ಓ, ಡೈಕ್ಲೋಫಿನಾಕ್, ಓಕೆ ಅಮ್ಮ, ಓಕೆ ಎಂದರು. ಅಬ್ಬಾ, ಅಂತೂ ಒಬ್ಬರಿಗೆ ಅರ್ಥವಾಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಅರ್ಥವಾದದ್ದು ಏನು ಗೊತ್ತೇ? ಡಾಕ್ಟರ ಚೀಟಿಯಲ್ಲಿ ಔಷಧದ ಹೆಸರು ಇದ್ದರೆ ಅದು ಕೊಡು ಎಂದು ಬರೆದ ಚೀಟಿ. ಈ ಅಮ್ಮ ನೋವಿಗೆ ಇದನ್ನೇ ತೆಗೆದುಕೊಳ್ಳುತ್ತಾಳೆ, ಇವಳಿಗೆ ಇದೇ ಒಗ್ಗುತ್ತದೆ. ಸೂಜಿಯ ಭಯ ಒಂದು ಇದೆ, ಪಾಪ. ನಾನು ಇಷ್ಟು ವರ್ಷ ಪಿನ್ನು ಹಾಕಿ ಜೋಪಾನ ಮಾಡಿದ್ದು ನನ್ನ ಸಾವಿನ ಚೀಟಿಯನ್ನು.

ಮೂಳೆ ಎಳೆದು ಕೂರಿಸುವುದು ಮರುದಿನ ಎಂದು ವಾರ್ಡಿನಲ್ಲಿ ಮಲಗಿಸಿ ಎಡಗೈಗೆ ಡ್ರಿಪ್ ಹಾಕಿದರು. ಬೆಳಿಗ್ಗೆ ಆ ಡ್ಯೂಟಿ ಡಾಕ್ಟರು ನಮ್ಮ ಯಜಮಾನರನ್ನು ಬಾಗಿಲ ಹತ್ತಿರ ಕರೆದು, ತಮ್ಮ ತುಂಡು ಕನ್ನಡದಲ್ಲಿ, "ಇಂಜೆಕ್ಷನ್ ಬೇಡ. ಡ್ರಿಪ್‌ನಲ್ಲಿ ಕೊಡೋಣ. ಓಕೆ?" ಎಂದರಂತೆ. ನಮ್ಮ ಯಜಮಾನರಿಗೆ ಬಹಳ ಸಂತೋಷ. ಹೆಂಡತಿಗೆ ಇಂಜೆಕ್ಷನ್ ಆಗಲ್ಲ, ಡ್ರಿಪ್ ಇಂಜೆಕ್ಷನ್ ಅಲ್ಲವಲ್ಲ! ಎಷ್ಟು ಒಳ್ಳೆಯ ಡಾಕ್ಟರು ಎಂದು ಕೈ ಮುಗಿದರಂತೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಗಾದೆ. ಇಲ್ಲಿ ಇಬ್ಬರೂ ಸೇರಿ ವಿಷದ ಬಗ್ಗೆ ಒಪ್ಪಂದ ಮಾಡಿಕೊಂಡರು. ನನ್ನನ್ನು ಯಾರೂ ಕೇಳಲಿಲ್ಲ, ನಾನು ಹತ್ತೇ ಹೆಜ್ಜೆ ಆಚೆ ಮಂಚದ ಮೇಲೆ ಎಚ್ಚರವಾಗಿಯೇ ಇದ್ದೆ.

ಬೇರೊಬ್ಬ ಸಿಸ್ಟರು ಬಂದು ಬಾಟಲಿ ಬದಲಾಯಿಸಿ ಹೋದಳು. ಸ್ವಲ್ಪ ಹೊತ್ತಿಗೆ ಅಂಗೈ ತುರಿಸಿತು. ಒಮ್ಮೆ ಕಂಡ ಕಳ್ಳನ ಮುಖ ಮರೆಯುತ್ತದೆಯೇ? ತುಟಿ ದಪ್ಪಗಾಗುವ ಮೊದಲೇ ನನಗೆ ಗೊತ್ತಾಯಿತು. ಕೂಗಲು ಹೋದರೆ ಗಂಟಲು ಕಟ್ಟಿತು. ಮುರಿದ ಕೈಯಿಂದ, ಹೌದು, ಮುರಿದ ಕೈಯಿಂದಲೇ, ಡ್ರಿಪ್ಪಿನ ಪೈಪನ್ನು ಕಿತ್ತೆಸೆದೆ. ಹಾಸಿಗೆಯೆಲ್ಲ ರಕ್ತ. ನಮ್ಮ ಯಜಮಾನರು ನನ್ನ ಮುಖ ನೋಡಿ ಕಿರುಚಿದ್ದು ಕೇಳಿಸಿತು. ಆಮೇಲೆ ಯಾರು ಯಾರೋ ಓಡಿ ಬಂದರು, ಮೂಗಿಗೆ ಏನೋ ಹಾಕಿದರು, ತೊಡೆಗೆ ಸೂಜಿ ಚುಚ್ಚಿದರು. ನಾನು ಎರಡನೆಯ ಸಲ ಬದುಕಿಕೊಂಡೆ. ಎದ್ದ ಮೇಲೆ ಮೊದಲು ನೆನಪಾದದ್ದು ಆ ಇಂಗ್ಲಿಷ್ ಪದ. ಅಲರ್ಜಿ, ಅಲರ್ಜಿ ಎಂದು ಬಂದವರಿಗೆಲ್ಲ ಹೇಳಿದೆ. ಹೌದಮ್ಮ, ರೆಸ್ಟ್ ಮಾಡಿ ಎಂದರು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ತಪ್ಪು ಎಲ್ಲರಿಂದಲೂ ಆಗುತ್ತದೆ, ಆ ಹುಡುಗನ ಮೇಲೂ ಆ ಕೇರಳದ ಹುಡುಗಿಯ ಮೇಲೂ ನನಗೆ ಈಗ ಕೋಪವಿಲ್ಲ. ಅವಳು ಆಮೇಲೆ ಬಂದು ನನ್ನ ಪಕ್ಕ ನಿಂತು ಅತ್ತಳು. ನನ್ನ ಮೈ ಉರಿದದ್ದು ಮನೆಗೆ ಕಳಿಸುವ ದಿನ.

ಪ್ಲಾಸ್ಟರು ಹಾಕಿ ಮುಗಿದಿತ್ತು. ಡಿಸ್ಚಾರ್ಜ್ ಕಾಗದ ಕೈಗೆ ಬಂತು. ಮೂರು ಪುಟ, ಬಣ್ಣದ ಲಾಂಛನ, ಒಳ್ಳೆಯ ಕಾಗದ. ಬೆರಳಿಟ್ಟು ಒಂದೊಂದೇ ಸಾಲು ಓದಿದೆ. ರೋಗಿ ಇಂಜೆಕ್ಷನ್‌ಗೆ ಒಪ್ಪಲಿಲ್ಲ. ರೋಗಿ ಮಾತ್ರೆಯನ್ನೂ ನಿರಾಕರಿಸಿದರು. ರೋಗಿ ಗಾಬರಿಯಿಂದ ಡ್ರಿಪ್ ಕಿತ್ತರು, ಗಾಬರಿಯಿಂದ ಉಸಿರಾಟದ ತೊಂದರೆಯಾಯಿತು, ಉಪಚರಿಸಲಾಯಿತು. ಡೈಕ್ಲೋಫಿನಾಕ್ ಎಂಬ ಹೆಸರು ಮೂರು ಪುಟದಲ್ಲಿ ಎಲ್ಲೂ ಇಲ್ಲ. ಮೂರು ಪುಟ ಓದಿದವರಿಗೆ ಸಿಗುವುದು ಒಬ್ಬ ಪುಕ್ಕಲು ಹೆಂಗಸು, ಜಗಳಗಂಟಿ. ನಾಳೆ ಪ್ರಜ್ಞೆಯಿಲ್ಲದ ನನ್ನನ್ನು ಯಾರೋ ತಂದು ಇಲ್ಲೇ ಮಲಗಿಸಿದರೆ ಇವರ ಕಂಪ್ಯೂಟರು ಇವರಿಗೆ ಏನು ಹೇಳುತ್ತದೆ? ಈ ಅಮ್ಮನಿಗೆ ಸೂಜಿ ಭಯ, ಡ್ರಿಪ್ಪಿನಲ್ಲಿ ಹಾಕಿ ಎನ್ನುತ್ತದೆ.

ಕೌಂಟರಿಗೆ ಹೋಗಿ, ಇದರಲ್ಲಿ ಒಂದು ಸಾಲು ಸೇರಿಸಿ ಕೊಡಿ ಎಂದೆ. ಅಲ್ಲಿದ್ದ ಹುಡುಗಿ ನಮ್ಮ ಕಡೆಯವಳೇ. "ಸಿಸ್ಟಂನಲ್ಲಿ ಕ್ಲೋಸ್ ಆಗಿದೆ ಮೇಡಂ. ಈಗ ಚೇಂಜ್ ಮಾಡಕ್ಕಾಗಲ್ಲ" ಎಂದಳು.

"ನೋಡಮ್ಮ, ನೀನು ಆಗಲ್ಲ ಅಂದಿದ್ದು ನಂಗೆ ಅರ್ಥ ಆಯ್ತು" ಎಂದೆ. "ನಾನು ಅಂದಿದ್ದು ಮಾತ್ರ ಇಡೀ ಬಿಲ್ಡಿಂಗ್‌ನಲ್ಲಿ ಯಾರ್ಗೂ ಅರ್ಥ ಆಗ್ಲಿಲ್ಲ."

ಅವಳ ಮುಂದಿನ ಕುರ್ಚಿಯಲ್ಲಿ ಕೂತುಬಿಟ್ಟೆ. ಹಿಂದೆ ನಿಂತವರು ಗೊಣಗಿದರು. ಗಾರ್ಡು ಬಂದರು. ನಮ್ಮ ಯಜಮಾನರು, ಬಾರೇ ಹೋಗೋಣ, ಮನೇಲಿ ನೀನೇ ಬರ್ಕೊಂಡ್ರಾಯ್ತು ಎಂದು ಭುಜ ಮುಟ್ಟಿದರು. ಅವರ ಕಡೆ ಒಂದು ನೋಟ ನೋಡಿದೆ, ಕೈ ತೆಗೆದರು. ಪ್ಲಾಸ್ಟರು ಹಾಕಿದ ಕೈಯನ್ನು ಕೌಂಟರಿನ ಮೇಲೆ ಇಟ್ಟುಕೊಂಡು, ನನಗೆ ಯಾವ ಔಷಧ ಆಗುವುದಿಲ್ಲ, ಎರಡು ಸಲ ಏನೇನಾಯಿತು ಎಂದು ಕಾಯುತ್ತಿದ್ದವರಿಗೆಲ್ಲ ಕೇಳುವ ಹಾಗೆ ಹೇಳತೊಡಗಿದೆ. ಅಮ್ಮನ ಶೈಲಿಯಲ್ಲೇ ಹೇಳಿದೆ, ಚರಂಡಿಯ ಚಪ್ಪಡಿಯಿಂದ ಶುರು ಮಾಡಿ. 

ಅರ್ಧ ಕಥೆಗೆ ದೊಡ್ಡ ಡಾಕ್ಟರು ಕೆಳಗೆ ಇಳಿದು ಬಂದರು. ಒಳ್ಳೆಯ ಕನ್ನಡದಲ್ಲಿ, ಬಹಳ ಮೆತ್ತಗೆ ಮಾತಾಡಿದರು. ಕಾಗದ ತೆಗೆದುಕೊಂಡು ತಮ್ಮ ಪೆನ್ನಿನಲ್ಲೇ ಅಡಿಯಲ್ಲಿ ಒಂದು ಸಾಲು ಬರೆದು ಸಹಿ ಮಾಡಿ ಕೊಟ್ಟರು. ಓದಿದೆ. ಡೈಕ್ಲೋಫಿನಾಕ್ ಇತ್ತು. ಅಲರ್ಜಿ ಇತ್ತು. ಅದರ ಹಿಂದೆ ಇನ್ನೊಂದು ಪದ ಇತ್ತು, ಅಲೆಜ್ಡ್. ಪತ್ರಿಕೆಗಳಲ್ಲಿ ಕಳ್ಳರ ಹೆಸರಿನ ಹಿಂದೆ ಹಾಕುತ್ತಾರಲ್ಲ, ಆರೋಪ, ಅದು. ರೋಗಿ ಹೀಗೆ ಆರೋಪಿಸುತ್ತಾರೆ.

ಈ ಪದ ತೆಗೆಯಿರಿ ಎಂದೆ. ಇದು ನಾವು ಎಲ್ಲರಿಗೂ ಬರೆಯುವ ಪದ, ಅದರಲ್ಲಿ ತಪ್ಪು ಅರ್ಥವೇನೂ ಇಲ್ಲ, ನಾವು ಕಣ್ಣಾರೆ ನೋಡದೆ ಇದ್ದದ್ದನ್ನು ಹಾಗೇ ಬರೆಯುವುದು ಎಂದರು.

"ನಾನು ಸತ್ತೋಗಿದ್ರೆ ಅದನ್ನೂ ಅಲೆಜ್ಡ್ ಅಂತ್ಲೇ ಬರೀತಿದ್ರಾ ಸಾರ್?"

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಆಗ, ಮದುವೆಯಾದಂದಿನಿಂದ ಯಾರ ಮುಂದೆಯೂ ದನಿ ಎತ್ತದ ನಮ್ಮ ಯಜಮಾನರು ಬಾಯಿಬಿಟ್ಟರು. "ನಾನು ನೋಡಿದೀನಿ ಸಾರ್" ಎಂದರು. "ಎರಡು ಸಲಾನೂ ಪಕ್ಕದಲ್ಲೇ ಇದ್ದೆ. ತುಟಿ ನೀಲಿ ಆಗೋಗಿತ್ತು."

ಡಾಕ್ಟರ ಮುಖ ಸಡಿಲವಾಯಿತು. ಓ, ನೀವು ನೋಡಿದ್ದೀರಾ, ಹಾಗಾದರೆ ಸರಿ ಎಂದು ಕಾಗದವನ್ನು ವಾಪಸು ತೆಗೆದುಕೊಂಡರು. ಆ ಪದವನ್ನು ಹೊಡೆದುಹಾಕಿ, ಸಾಲಿನ ಕೊನೆಗೆ ಇಂಗ್ಲಿಷಿನಲ್ಲಿ ಹೊಸದಾಗಿ ಮೂರು ಪದ ಸೇರಿಸಿ, ಸಹಿ ಮಾಡಿ, ಸೀಲು ಹಾಕಿಸಿ ಕೊಟ್ಟರು. ನನ್ನ ಕೈಗಲ್ಲ, ನಮ್ಮ ಯಜಮಾನರ ಕೈಗೆ. ಸೇರಿಸಿದ್ದು ಏನೆಂದರೆ, ಗಂಡನಿಂದ ದೃಢಪಟ್ಟಿದೆ ಎಂದು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಬೇಕಂತೆ ಕಣ್ರೀ. ಕನ್ನಡಿಯೂ ಸಾಲದಂತೆ, ಗಂಡ ಬೇಕಂತೆ. ಗಂಟಲು ಕಟ್ಟಿದ್ದು ನನ್ನದು, ಎರಡು ಸಲ ಸಾವಿನ ಬಾಗಿಲು ತಟ್ಟಿ ಬಂದದ್ದು ನಾನು. ಬಿದ್ದ ಗಳಿಗೆಯಿಂದ ಬಾಯಿ ನೋಯುವಷ್ಟು ಹೇಳಿದ್ದು ನಾನು, ಬರೆದು ತೋರಿಸಿದ್ದು ನಾನು. ನಾನು ಹೇಳಿದರೆ ಆರೋಪ, ಅವರು ಹೇಳಿದರೆ ದಾಖಲೆ. ಆ ಕ್ಷಣ ಅಳು ಬಂತು. ಅಲ್ಲಿ ಅಳಲಿಲ್ಲ, ಅತ್ತಿದ್ದರೆ ಅದನ್ನೂ ಗಾಬರಿ ಎಂದು ಬರೆಯುತ್ತಿದ್ದರು.

ಆಟೋದಲ್ಲಿ ನಮ್ಮ ಯಜಮಾನರು ಗೆದ್ದ ಹುರುಪಿನಲ್ಲಿದ್ದರು. ನೋಡಿದೆಯಾ ಸರೋಜ, ನಾನು ಒಂದು ಮಾತು ಹೇಳಿದ್ದೇ ತಡ ಬರೆದುಕೊಟ್ಟರು ಎಂದರು. ಕುಂದಲಹಳ್ಳಿ ಗೇಟಿನ ತನಕ ಎರಡು ಸಲ ಹೇಳಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ಅದೇ ನನಗೆ ಸಹಿಸಲಾಗದ ಸಂಗತಿ. ಅವರ ಮೇಲೆ ಕೋಪ ಮಾಡಿಕೊಳ್ಳುವುದಕ್ಕೂ ಬಿಡಲಿಲ್ಲ ಆ ಮೂರು ಪದ. ಅವು ನನ್ನ ಜೀವ ಉಳಿಸುವ ಪದಗಳೇ. ಹಾಗಿದ್ದರೂ ಕೋಪ ಮಾಡಿಕೊಂಡೆ. ಮನೆ ಬರುವವರೆಗೆ ರಸ್ತೆಯನ್ನೇ ನೋಡುತ್ತ ಕೂತಿದ್ದೆ.

ಮನೆಗೆ ಬಂದು ನೋಟುಬುಕ್ಕು ತೆಗೆದೆ. ಬಲಗೈ ಪ್ಲಾಸ್ಟರಿನಲ್ಲಿ ಇತ್ತು. ಅವರು ಪೆನ್ನು ಹಿಡಿದು ಎದುರಿಗೆ ಕೂತು, ಹೇಳು, ನಾನು ಬರೆಯುತ್ತೇನೆ ಎಂದರು.

"ಕೊಡ್ರೀ ಇಲ್ಲಿ" ಎಂದೆ.

ಎಡಗೈಯಲ್ಲಿ ಪೆನ್ನು ನಿಲ್ಲುವುದೇ ಇಲ್ಲ. ಒಂದನೇ ಕ್ಲಾಸಿನ ಮಗುವಿನ ಹಾಗೆ ನಾಲಿಗೆ ಕಚ್ಚಿಕೊಂಡು, ಸೊಟ್ಟ ಸೊಟ್ಟ ಅಕ್ಷರದಲ್ಲಿ, ಮೊದಲು ಕನ್ನಡದಲ್ಲಿ ಬರೆದೆ, ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆದೆ. ಡೈಕ್ಲೋಫಿನಾಕ್ ಕೊಟ್ಟರೆ ನಾನು ಸಾಯುತ್ತೇನೆ. ಇದನ್ನು ಹೇಳುತ್ತಿರುವುದು ನಾನು.